ಕಂದಾಯ ಕಟ್ಟಿದವರು ಕೇಳಿದ ಲೆಕ್ಕ

ಧಾರವಾಡದಿಂದ ಪಡುವಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಮುಗದ ಸಿಗುತ್ತದೆ. ದೊಡ್ಡ ಕೆರೆ, ಕುಂಬಾರರ ಮನೆಗಳು, ಭತ್ತದ ಸಂಶೋಧನಾ ಕೇಂದ್ರ, ಅಳ್ನಾವರದ ಕಡೆ ಹೋಗುವ ರೈಲಿನ ನಿಲ್ದಾಣ. ಮಲೆನಾಡಿನ ಸೆರಗು ಇಲ್ಲಿಂದಲೇ ಶುರು. ಅದೇ ಧಾರವಾಡದಿಂದ ಮೂಡಣಕ್ಕೆ ಹೊರಟರೆ ನವಲಗುಂದ, ನರಗುಂದ. ಕಣ್ಣು ಹಾಯುವವರೆಗೂ ಎರೆಹೊಲ. ಮಳೆ ಬೇರೆ, ಮಣ್ಣು ಬೇರೆ, ಬೆಳೆ ಬೇರೆ. ಆದರೂ ನೂರು ವರ್ಷಕ್ಕೂ ಹೆಚ್ಚು ಕಾಲ ಈ ಎರಡೂ ಸೀಮೆಗಳು ಒಂದೇ ಕಚೇರಿಗೆ ಕಂದಾಯ ಕಟ್ಟಿದವು. ಕರ್ನಾಟಕದಲ್ಲಿ ತೆರಿಗೆಯ ವಿರುದ್ಧ ಜನ ಎದ್ದುನಿಂತ ಚರಿತ್ರೆ ಬರೆಯುವವರು ಈ ಜಿಲ್ಲೆಯನ್ನು ಬಿಟ್ಟು ಬರೆಯುವಂತಿಲ್ಲ.

ಮೊದಲು ಮಣ್ಣಿನ ಲೆಕ್ಕ. 1840ರ ದಶಕದಲ್ಲಿ ಕ್ಯಾಪ್ಟನ್ ಜಾರ್ಜ್ ವಿಂಗೇಟ್ ಧಾರವಾಡ ಸೀಮೆಯ ಹೊಲಗಳನ್ನು ಅಳೆಸಿ ಬೆಲೆ ಕಟ್ಟಿಸಿದ. ಮಣ್ಣಿಗೆ ಒಂಬತ್ತು ತರಗತಿ. ಒಂದೂಮುಕ್ಕಾಲು ಮೊಳ ಆಳದ ಒಳ್ಳೆಯ ಕರಿಮಣ್ಣು ಹದಿನಾರಾಣೆ ಭೂಮಿ. ಆಳ ಕಡಿಮೆಯಾದಂತೆ, ಮರಳು ಬೆರೆತಂತೆ, ಸುಣ್ಣಕಲ್ಲು ಕಂಡಂತೆ, ಇಳಿಜಾರು ಹೆಚ್ಚಿದಂತೆ ಆಣೆ ಇಳಿಯುತ್ತ ಹೋಗಿ, ಕೊನೆಯ ತರಗತಿ ಎರಡಾಣೆಗೆ ಬಂದು ನಿಲ್ಲುತ್ತಿತ್ತು. ಹೀಗೆ ಗೊತ್ತಾದ ಕಂದಾಯ ಮೂವತ್ತು ವರ್ಷ ಬದಲಾಗುವುದಿಲ್ಲ ಎಂಬುದು ಸರ್ಕಾರ ಕೊಟ್ಟ ಮಾತು. ಅಂದಿನ ಅಳತೆಗೆ ಇದು ದೊಡ್ಡ ಸುಧಾರಣೆಯೇ. ಅದಕ್ಕೂ ಹಿಂದೆ ರೈತನಿಗೆ ಮುಂದಿನ ವರ್ಷದ ಕಂದಾಯ ಎಷ್ಟೆಂಬುದೇ ತಿಳಿಯುತ್ತಿರಲಿಲ್ಲ.

ಮೂವತ್ತು ವರ್ಷದ ಅವಧಿ ಮುಗಿದು ಮರುಪರಿಷ್ಕರಣೆ ಬಂದಾಗ ಮುಂಬಯಿ ಪ್ರಾಂತದ ಹಲವು ಕಡೆ ಕಂದಾಯ ಒಮ್ಮೆಲೇ ಏರಿತು. ಗದ್ದಲ ಎದ್ದ ಮೇಲೆ 1874ರಲ್ಲಿ ಸರ್ಕಾರ ತನಗೆ ತಾನೇ ಒಂದು ಮಿತಿ ಹಾಕಿಕೊಂಡಿತು: ಇಡೀ ತಾಲ್ಲೂಕಿಗೆ ಶೇ 33, ಒಂದು ಊರಿಗೆ ಶೇ 66, ಒಬ್ಬ ರೈತನ ಹಿಡುವಳಿಗೆ ಶೇ 100ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಒಬ್ಬ ರೈತನ ಕಂದಾಯ ಒಂದೇ ಸಲಕ್ಕೆ ಎರಡು ಪಟ್ಟಾಗುವುದಕ್ಕೆ ‘ಮಿತಿ’ ಎಂದು ಹೆಸರಿಡಬೇಕಾಯಿತು ಎಂದರೆ ಮೊದಲಿನ ಏರಿಕೆ ಎಷ್ಟಿದ್ದಿರಬೇಕು ಎಂದು ಊಹಿಸಬಹುದು.

ಅಷ್ಟರೊಳಗೆ ದಕ್ಷಿಣದಲ್ಲಿ ಎರಡು ದೊಡ್ಡ ದಂಗೆಗಳು ನಡೆದುಹೋಗಿದ್ದವು. 1830ರಲ್ಲಿ ಮೈಸೂರು ಸಂಸ್ಥಾನದ ನಗರ ಪ್ರಾಂತದ ರೈತರು ಕೂಟ ಸೇರಿದರು. ಊರಿಂದೂರಿಗೆ ಓಲೆ ಹೋಯಿತು. ಕಂದಾಯ ಕಟ್ಟುವುದು ನಿಂತಿತು. ಅವರ ಸಿಟ್ಟಿಗೆ ಮೂಲವಾದದ್ದು ‘ಶರತ್ತು’ ಪದ್ಧತಿ. ತಾಲ್ಲೂಕಿನಿಂದ ಇಷ್ಟು ಹಣ ತಂದೇ ತರುತ್ತೇನೆ, ಕಡಿಮೆ ಬಿದ್ದರೆ ಕೈಯಿಂದ ತುಂಬುತ್ತೇನೆ ಎಂದು ಅಮಲ್ದಾರ ಬರೆದುಕೊಡಬೇಕು. ಕೈಯಿಂದ ತುಂಬುವ ಅಮಲ್ದಾರ ಎಲ್ಲೂ ಇರುವುದಿಲ್ಲ. ರೈತನ ಮನೆಯ ಕಣಜವೇ ಖಾಲಿಯಾಗುತ್ತಿತ್ತು. ಮುಂದಾಳು ಬೂದಿ ಬಸವಪ್ಪನ ಹೆಸರಿನೊಂದಿಗೆ ಸೇರಿಕೊಂಡ ಈ ದಂಗೆ ಅಡಗಿದ ಮೇಲೆ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಅರಸರ ಕೈಯಿಂದ ತೆಗೆದುಕೊಂಡ. ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ದರ್ಬಾರಿನ ದುಂದುವೆಚ್ಚವೂ ಆಗ ಈಸ್ಟ್ ಇಂಡಿಯಾ ಕಂಪನಿ ಮುಂದಿಟ್ಟ ಕಾರಣಗಳಲ್ಲಿ ಒಂದು. 1837ರ ಅಮರ ಸುಳ್ಯದ ದಂಗೆಗೆ ಕಾರಣ ಇನ್ನೂ ನೇರವಾಗಿತ್ತು. ಕೊಡಗಿನ ಅರಸರ ಕಾಲದಲ್ಲಿ ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಕಂಪನಿ ಸರ್ಕಾರ ರೊಕ್ಕದಲ್ಲಿ ಕೇಳಿತು. ಕೆದಂಬಾಡಿ ರಾಮಯ್ಯ ಗೌಡರೂ ಸಂಗಡಿಗರೂ ಮಂಗಳೂರನ್ನು ಕೆಲವು ದಿನ ಹಿಡಿದಿದ್ದರು. ಉಪ್ಪು, ಹೊಗೆಸೊಪ್ಪಿನ ಮೇಲಿನ ಸರ್ಕಾರಿ ಏಕಸ್ವಾಮ್ಯ ತೆಗೆಯುವುದು ಅವರು ಜನರಿಗೆ ಕೊಟ್ಟ ಭರವಸೆಗಳಲ್ಲಿ ಸೇರಿತ್ತು.

ಈ ಎರಡೂ ದಂಗೆಗಳಲ್ಲಿ ಜನ ಕೇಳಿದ್ದು ಹೊರೆ ಇಳಿಸಿ ಎಂಬುದನ್ನು. ಸಂಗ್ರಹವಾದ ಹಣ ಎಲ್ಲಿ ಹೋಗುತ್ತದೆ, ಅದನ್ನು ಖರ್ಚು ಮಾಡುವ ಹಕ್ಕು ಯಾರದು ಎಂಬ ಪ್ರಶ್ನೆ ಚಳವಳಿಯ ನಡುವಿಗೆ ಬಂದದ್ದು ಸ್ವಾತಂತ್ರ್ಯ ಹೋರಾಟದ ಹೊತ್ತಿಗೆ.

1928ರಲ್ಲಿ ಗುಜರಾತಿನ ಬಾರ್ಡೋಲಿಯ ಕರನಿರಾಕರಣೆಗೆ ಸಿಕ್ಕ ಗೆಲುವು ಮುಂಬಯಿ ಕರ್ನಾಟಕದಲ್ಲಿ ಕಿಚ್ಚು ಹೊತ್ತಿಸಿತು. 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರ, ಹಿರೇಕೆರೂರು ತಾಲ್ಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ಸರ್ಕಾರ ಹೊಲ, ಮನೆ, ದನಕರು, ಪಾತ್ರೆ ಪಗಡಗಳನ್ನೂ ಜಪ್ತಿ ಮಾಡಿ ಹರಾಜಿಗಿಟ್ಟಿತು. ನೂರಾರು ಕುಟುಂಬಗಳು ಬೀದಿಗೆ ಬಂದವು. ಸಿದ್ದಾಪುರ ಸೀಮೆಯ ಹೆಂಗಸರು ಹರಾಜಿನಲ್ಲಿ ಆಸ್ತಿ ಕೊಂಡವರ ಮನೆಬಾಗಿಲಲ್ಲೇ ಉಪವಾಸ ಕುಳಿತರು. ಲಾಠಿ, ಜೈಲು ಎರಡಕ್ಕೂ ಹೆದರದೆ ನೆರೆಹೊರೆಯವರ ಮನಸ್ಸನ್ನೇ ಕದಲಿಸಲು ಹೊರಟ ಆ ಹೆಣ್ಣುಮಕ್ಕಳ ಹೋರಾಟ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಜಾಗ ಪಡೆಯಬೇಕಿತ್ತು. ರಂಗನಾಥ ದಿವಾಕರರು ಈ ಕಥನವನ್ನು ಪುಸ್ತಕವಾಗಿ ಬರೆದಿಟ್ಟಿದ್ದಾರೆ. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ, ಕಳೆದುಹೋದ ಭೂಮಿಯನ್ನು ಮರಳಿ ಕೊಡಿಸಲು ಕಾನೂನೇ ಆಯಿತು.

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಕಂದಾಯ ಕೊಡುವುದಿಲ್ಲವೆಂದು ಸಾರಿತು. ಮರುವರ್ಷ ಅಲ್ಲಿಯ ಐವರು ಗಲ್ಲಿಗೇರಿದರು. 1943ರ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪ ಮತ್ತು ಇಬ್ಬರು ಸಂಗಡಿಗರು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅವರು ಹೋದದ್ದು ದೇವಸ್ಥಾನದಲ್ಲಿ ಪೊಲೀಸರ ಕಾವಲಿನಲ್ಲಿಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು.

ಸ್ವರಾಜ್ಯ ಬಂದಿತು. ಇನ್ನು ಕರದ ಜಗಳ ಮುಗಿಯಿತು ಎಂದುಕೊಂಡವರಿಗೆ ಉತ್ತರ ಕೊಟ್ಟದ್ದು ಮಲಪ್ರಭೆ.

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ 1970ರ ದಶಕದ ಆರಂಭದಲ್ಲಿ ಈ ನದಿಗೆ ಅಣೆಕಟ್ಟೆ ಎದ್ದುನಿಂತಿತು. ಕಾಲುವೆ ಹರಿದರೆ ಹೊಲದ ಬೆಲೆ ಏರುತ್ತದೆ, ಏರಿದ ಬೆಲೆಯಲ್ಲಿ ಒಂದು ಪಾಲು ಸರ್ಕಾರಕ್ಕೆ ಬರಬೇಕು ಎಂಬುದು ಕಾನೂನಿನ ತರ್ಕ. ಜನ ಇದನ್ನು ಬೆಟರ್‌ಮೆಂಟ್ ಲೆವಿ ಎಂದೇ ಕರೆದರು. ಎಕರೆಗೆ 1,500 ರೂಪಾಯಿವರೆಗೆ ಬೇಡಿಕೆ ಬಂತು. ಜೊತೆಗೆ ನೀರಿನ ಕರದ ಬಾಕಿ. ಕಾಗದದ ಮೇಲೆ ಈ ತರ್ಕದಲ್ಲಿ ತಪ್ಪೇನೂ ಕಾಣದು. ಹೊಲದಲ್ಲಿ ನಿಂತು ನೋಡಿದರೆ ಬೇರೆಯೇ ಚಿತ್ರ. ಎಷ್ಟೋ ಕಡೆ ಹೊಲಗಾಲುವೆ ಅರ್ಧಕ್ಕೇ ನಿಂತಿತ್ತು. ಕಾಲುವೆಯ ಕೊನೆಯವರಿಗೆ ನೀರೇ ಮುಟ್ಟಿರಲಿಲ್ಲ. ನೀರು ಬಂದ ಎರೆಹೊಲಗಳು ಕೆಲವೆಡೆ ಸವಳು ಜವಳಾದವು. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟರಕಿಯವರು 1972ರಲ್ಲಿ ರೂಪಿಸಿದ ವರಲಕ್ಷ್ಮಿ ಹತ್ತಿಯನ್ನು ನಂಬಿ ಸಾಲ ಮಾಡಿದ್ದ ರೈತರಿಗೆ ಅದೇ ಹೊತ್ತಿಗೆ ಧಾರಣೆ ಕುಸಿದ ಪೆಟ್ಟು ಬಿತ್ತು. ಬೀಜ, ಗೊಬ್ಬರ, ಔಷಧದ ಬೆಲೆ ಮಾತ್ರ ಇಳಿಯಲಿಲ್ಲ.

1980ರ ಬೇಸಿಗೆಯಲ್ಲಿ ಮಲಪ್ರಭಾ ಪ್ರದೇಶದ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡರು. ಮನವಿ, ಮೆರವಣಿಗೆ, ಕಚೇರಿಗಳ ಮುಂದೆ ಧರಣಿ ನಡೆದವು. ಜುಲೈ 21ರಂದು ಬಂದ್. ನರಗುಂದದಲ್ಲಿ ತಹಶೀಲ್ದಾರ್ ಕಚೇರಿಯ ಬಾಗಿಲಿಗೆ ರೈತರು ಅಡ್ಡ ಮಲಗಿದ್ದರು. ಅಲ್ಲಿಂದ ಮುಂದೆ ಪರಿಸ್ಥಿತಿ ಕೈಮೀರಿತು. ಗೋಲಿಬಾರಿನಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು; ಆ ದಿನವನ್ನು ನೆನೆಯುವಾಗ ಅದನ್ನು ಮುಚ್ಚಿಡಬಾರದು. ಮುಖ್ಯಮಂತ್ರಿ ಗುಂಡೂರಾಯರ ಸರ್ಕಾರ ಕರ ವಸೂಲಿಯಿಂದ ಹಿಂದೆ ಸರಿಯಿತು. ಕಿಚ್ಚು ಮಾತ್ರ ರಾಜ್ಯವೆಲ್ಲ ಹಬ್ಬಿತು. ಶಿವಮೊಗ್ಗದಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ಮುಂದಾಳತ್ವದಲ್ಲಿ ರಾಜ್ಯ ರೈತಸಂಘ ಮೈತಳೆಯಿತು. 1983ರ ಜನವರಿಯಲ್ಲಿ ಕಾಂಗ್ರೆಸ್ ಕರ್ನಾಟಕದಲ್ಲಿ ಮೊದಲ ಸಲ ಅಧಿಕಾರ ಕಳೆದುಕೊಂಡದ್ದಕ್ಕೆ ಈ ಸಿಟ್ಟೂ ಒಂದು ಕಾರಣ. ಜುಲೈ 21 ಈಗಲೂ ರೈತ ಹುತಾತ್ಮ ದಿನ.

ನರಗುಂದಕ್ಕಿಂತ ಎರಡು ವರ್ಷ ಮೊದಲು, 1978ರ ಜೂನ್‌ನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮತದಾರರು ಆಸ್ತಿ ತೆರಿಗೆಗೆ ಶೇ 1ರ ಕಡಿವಾಣ ಹಾಕಿಸಿದ್ದರು. ತೆರಿಗೆ ವಿರೋಧದ ಆಧುನಿಕ ಚರಿತ್ರೆ ಬರೆಯುವವರಲ್ಲಿ ಹಲವರು ಅಲ್ಲಿಂದಲೇ ಆರಂಭಿಸುತ್ತಾರೆ. ಅಲ್ಲಿಯ ಮನೆಯೊಡೆಯರಿಗೆ ಸರ್ಕಾರದ ಕೈ ಚಿಕ್ಕದಾಗಬೇಕಿತ್ತು. ನವಲಗುಂದದ ರೈತನಿಗೆ ಸರ್ಕಾರ ಒಪ್ಪಿಕೊಂಡ ಕಾಲುವೆಯನ್ನು ಮುಗಿಸಿ, ನೀರು ಹರಿಸಿ, ಆಮೇಲೆ ಕರ ಕೇಳಬೇಕಿತ್ತು. ಉತ್ತರ ಕರ್ನಾಟಕದ ಮುಂದಿನ ಚಳವಳಿಗಳಲ್ಲಿ ಬಹಳಷ್ಟು ಈ ಎರಡನೆಯ ದಾರಿ ಹಿಡಿದವು. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಯಾವ ಸೀಮೆಗೆ ಎಷ್ಟು ಖರ್ಚಾಯಿತು ಎಂದು ಕೇಳುವವರ ಕೈಗೆ ಅಧಿಕೃತ ಅಂಕಿಯ ಬಲ ಸಿಕ್ಕಿತು. 2015ರಲ್ಲಿ ನರಗುಂದದಲ್ಲಿ ಮತ್ತೆ ಧರಣಿಯ ಚಪ್ಪರ ಎದ್ದಾಗ ಬೇಡಿಕೆ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು.

ಅವಳಿನಗರದಲ್ಲಿ ವಾದ ಇನ್ನೊಂದು ರೂಪ ತಾಳಿತು. ಹುಬ್ಬಳ್ಳಿ–ಧಾರವಾಡ ನಡುವಿನ ತ್ವರಿತ ಬಸ್ ವ್ಯವಸ್ಥೆಯಾದ ಬಿಆರ್‌ಟಿಎಸ್‌ಗೆ ಸುಮಾರು 970 ಕೋಟಿ ರೂಪಾಯಿ ಖರ್ಚಾಯಿತು. 2018ರಲ್ಲಿ ಅದರ ‘ಚಿಗರಿ’ ಹೆಸರಿನ ಬಸ್ಸುಗಳು ಓಡತೊಡಗಿದವು. ಮಳೆ ಬಂದರೆ ಧಾರವಾಡದ ಟೋಲ್‌ನಾಕಾ ಬಳಿ ನೀರು ನಿಲ್ಲುವುದು, ಚಿಗರಿಗೆಂದೇ ಬಿಟ್ಟ ದಾರಿಯನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆಂಬ ಬೇಡಿಕೆ, ಇವೆಲ್ಲ ವರ್ಷಗಟ್ಟಲೆ ಸುದ್ದಿಯಾದವು. ಮನಿಪಟ್ಟಿ, ಅಂದರೆ ಮನೆ ತೆರಿಗೆ, ಕಟ್ಟುವವರ ಅಸಮಾಧಾನಕ್ಕೆ ಬೇರೊಂದು ಗಟ್ಟಿ ಕಾರಣವಿತ್ತು. ಮಹಾನಗರ ಪಾಲಿಕೆ ಸದಸ್ಯರ ಅವಧಿ 2019ರ ಮಾರ್ಚ್‌ನಲ್ಲಿ ಮುಗಿದರೂ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಪಟ್ಟಿ ವಸೂಲಿ ನಿಲ್ಲಲಿಲ್ಲ. ಖರ್ಚನ್ನು ಪ್ರಶ್ನಿಸಬೇಕಾದ ಸದಸ್ಯರು ಮಾತ್ರ ಇರಲಿಲ್ಲ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಕಥೆ ಇನ್ನೂ ಕೆಟ್ಟದು; ಅವಕ್ಕೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ಇತ್ತೀಚಿನ ವರ್ಷಗಳ ತೆರಿಗೆ ಬಾಗಿಲಿಗೆ ಬಂದು ಕೂಗುವುದಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ, ಡೀಸೆಲ್ ಮೇಲಿನದನ್ನು ಶೇ 14.3ರಿಂದ 18.4ಕ್ಕೆ ಏರಿಸಿತು. ಮರುವರ್ಷದ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ ಶೇ 21.17 ಆಯಿತು. ಅದಕ್ಕೂ ಮೊದಲೇ, ಜನವರಿಯಲ್ಲಿ, ಬಸ್ ಪ್ರಯಾಣ ದರ ಶೇ 15 ಏರಿತ್ತು. ಲಾರಿ ಮಾಲೀಕರು ಮುಷ್ಕರ ಹೂಡಿದರು, ವಿರೋಧ ಪಕ್ಷ ಯಾತ್ರೆ ಹೊರಟಿತು. ಸರ್ಕಾರದ ‘ಗ್ಯಾರಂಟಿ’ ಯೋಜನೆಗಳ ಖರ್ಚಿಗಾಗಿಯೇ ಈ ಏರಿಕೆ ಎಂಬುದು ವಿರೋಧ ಪಕ್ಷದ ಆರೋಪ. 2025–26ರ 4.09 ಲಕ್ಷ ಕೋಟಿಯ ಬಜೆಟ್‌ನಲ್ಲಿ ಐದು ಗ್ಯಾರಂಟಿಗಳ ಪಾಲು ಸುಮಾರು 51 ಸಾವಿರ ಕೋಟಿ. ಇತ್ತ ದೆಹಲಿಯ ಜಂತರ್ ಮಂತರ್‌ನಲ್ಲಿ 2024ರ ಫೆಬ್ರುವರಿ 7ರಂದು ರಾಜ್ಯ ಸರ್ಕಾರವೇ ಧರಣಿ ಕೂತಿತ್ತು. 14ನೇ ಹಣಕಾಸು ಆಯೋಗದಲ್ಲಿ ಶೇ 4.71 ಇದ್ದ ಕೇಂದ್ರ ತೆರಿಗೆ ಹಂಚಿಕೆಯಲ್ಲಿನ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ 3.65ಕ್ಕೆ ಇಳಿದದ್ದು ಅದರ ದೂರು. ಜನ ಬೆಂಗಳೂರನ್ನು ಕೇಳುವ ಪ್ರಶ್ನೆಯನ್ನೇ ಬೆಂಗಳೂರು ದೆಹಲಿಯನ್ನು ಕೇಳಿತು.

ಗ್ಯಾರಂಟಿಯ ವಾದದಲ್ಲಿ ಒಂದು ಮಾತನ್ನು ಒಪ್ಪಲೇಬೇಕು. ಮುಗದದಿಂದ ಧಾರವಾಡಕ್ಕೆ ಕೂಲಿಗೋ ಕಾಲೇಜಿಗೋ ದಿನವೂ ಹೋಗುವ ಹೆಣ್ಣುಮಗಳಿಗೆ, ಹೆಂಗಸರ ಬಸ್ ಪ್ರಯಾಣ ಉಚಿತವಾದ 2023ರ ಜೂನ್ 11ರಿಂದ, ಬಸ್ಸಿನ ರೊಕ್ಕ ಉಳಿಯುತ್ತಿದೆ. ತಾನು ಕಟ್ಟಿದ ತೆರಿಗೆಯಿಂದ ತನಗೇನು ಬಂತು ಎಂಬುದಕ್ಕೆ ಅವಳ ಹತ್ತಿರ ಉತ್ತರವಿದೆ. ನವಲಗುಂದದ ಕಾಲುವೆ ಕೊನೆಯ ರೈತನ ಹತ್ತಿರ ಆ ಉತ್ತರ ಇರಲಿಲ್ಲ. ಆದರೆ ಆ ಉಚಿತ ಟಿಕೆಟ್ಟಿನ ಹಣ ಹುಬ್ಬಳ್ಳಿಯ ವಾಯವ್ಯ ಸಾರಿಗೆ ಸಂಸ್ಥೆಗೆ ಹೊತ್ತಿಗೆ ಸರಿಯಾಗಿ ತಲುಪಬೇಕು. ಸರ್ಕಾರ ಬಾಕಿ ಉಳಿಸಿಕೊಂಡರೆ ಹಳೆಯ ಬಸ್ಸಿನ ರಿಪೇರಿ, ನೌಕರರ ಸವಲತ್ತು ಹಿಂದೆ ಬೀಳುತ್ತವೆ.

2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳ ಸರದಿ. ಯುಪಿಐ ಮೂಲಕ ಬಂದ ಹಣ ಕೂಡಿಸಿ, ವರ್ಷಕ್ಕೆ 40 ಲಕ್ಷ ದಾಟಿದೆಯೆಂದು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಅಂಗಡಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ಬೇಡಿಕೆ ಸುಮಾರು 29 ಲಕ್ಷ ರೂಪಾಯಿ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಅಂಗಡಿಗಳ ಮುಂದಿನ ಕ್ಯೂಆರ್ ಫಲಕಗಳು ಕೆಳಗಿಳಿದವು, ‘ನಗದು ಮಾತ್ರ’ ಎಂಬ ಚೀಟಿ ಅಂಟಿದವು. ವ್ಯಾಪಾರಿಗಳು ಕರೆಕೊಟ್ಟಿದ್ದ ಬಂದ್‌ಗೆ ಎರಡು ದಿನ ಮೊದಲು ಮುಖ್ಯಮಂತ್ರಿ ಸಭೆ ಕರೆದು, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ವಸೂಲಿಯ ಕಣ್ಣು ಇಷ್ಟು ಸೂಕ್ಷ್ಮವಾಗಿರುವಾಗ ಖರ್ಚಿನ ಲೆಕ್ಕವೂ ಅಷ್ಟೇ ಸೂಕ್ಷ್ಮವಾಗಿ ಜನರ ಫೋನಿಗೆ ಬರಬೇಡವೇ?

ಆ ಲೆಕ್ಕ ಎದುರೆದುರೇ ಸಿಗುವ ಜಾಗ ಒಂದಿದೆ. ಅದು ಗ್ರಾಮ ಪಂಚಾಯಿತಿ. ಮನಿಪಟ್ಟಿ ಹಾಕುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಅದಕ್ಕೇ ಕೊಟ್ಟಿದೆ. 2004ರ ನಿಯಮಗಳ ಪ್ರಕಾರ ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯಬೇಕು. ಮೇಲಿನಿಂದ ನೇಮಕವಾದ ಅಧಿಕಾರಿಯ ಮುಂದೆ ನಗದು ಪುಸ್ತಕ, ರಸೀದಿ, ವೋಚರ್‌ಗಳನ್ನು ತೆರೆದಿಡಬೇಕು. ಹಣ ಖರ್ಚಾದ ಗಟಾರ, ಸಿಸಿ ರಸ್ತೆ, ನೀರಿನ ಟಾಕಿಯನ್ನು ಜನರ ಜೊತೆ ಹೋಗಿ ನೋಡಬೇಕು. ಬರೆದ ಉದ್ದಕ್ಕೂ ಕಟ್ಟಿದ ಉದ್ದಕ್ಕೂ ತಾಳೆ ಇದೆಯೇ ಎಂದು ಟೇಪು ಹಿಡಿದು ಯಾರು ಬೇಕಾದರೂ ಕೇಳಬಹುದು. ಇಷ್ಟು ನೇರವಾಗಿ ಖರ್ಚನ್ನು ಪ್ರಶ್ನಿಸುವ ಅವಕಾಶ ವಿಧಾನಸೌಧದಲ್ಲೂ ಸಾಮಾನ್ಯನಿಗಿಲ್ಲ.

ಆದರೆ ಬಹಳ ಊರುಗಳಲ್ಲಿ ಜಮಾಬಂದಿ ಬೆರಳೆಣಿಕೆಯ ಮಂದಿಯ ಎದುರು ಮುಗಿದುಹೋಗುತ್ತದೆ. ಅದಕ್ಕೆ ಜನರ ನಿರಾಸಕ್ತಿಯೊಂದನ್ನೇ ದೂರುವುದು ಸರಿಯಲ್ಲ. ಮುಗದದ ಸುತ್ತ ಕೂರಿಗೆಯಲ್ಲಿ ಬಿತ್ತಿದ ಭತ್ತಕ್ಕೆ ಶ್ರಾವಣ, ಭಾದ್ರಪದದಲ್ಲಿ ಕಳೆ ತೆಗೆಯುವ ಕೆಲಸವಿರುತ್ತದೆ. ಹಗಲು ಹನ್ನೊಂದಕ್ಕೆ ಪಂಚಾಯಿತಿ ಕಟ್ಟೆಗೆ ಬಾ ಎಂದರೆ ಹೊಲದಲ್ಲಿದ್ದವರು ಬರುವುದು ಹೇಗೆ? ಅದೇ ಜಮಾಬಂದಿಯನ್ನು ಸಂಜೆ ಏಳಕ್ಕೆ ಗುಡಿಯ ಮುಂದೆ ಇಟ್ಟು, ವಾರ ಮೊದಲು ಡಂಗುರ ಸಾರಿ, ವಾರ್ಡುವಾರು ಜಮಾ ಖರ್ಚನ್ನು ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಒಂದು ಡಬ್ಬಿ ಬಣ್ಣ, ಓದಿ ಹೇಳಲು ಒಬ್ಬ ಮನುಷ್ಯ, ಎರಡು ತಾಸು ಸಮಯ ಸಾಕು.