ನಾಪತ್ತೆ ಎಂಬ ಮೂರಕ್ಷರ

ಶಾಲಾ ಪ್ರವಾಸವೆಂದರೆ ಕಾರ್ಕಳದ ನಮ್ಮ ಮಕ್ಕಳಿಗೆ ಮಡಿಕೇರಿಯ ಮೇಲೆ ಬಹಳ ಆಸೆ. ಹೋದ ಸಲ ರಾಜಾಸೀಟು, ಅಬ್ಬಿ ಜಲಪಾತ ನೋಡಿ ಮರಳುವಾಗ ಹುಡುಗಿಯೊಬ್ಬಳು ಪೇಟೆಯ ವೃತ್ತವೊಂದರ ಹೆಸರನ್ನು ಗಟ್ಟಿಯಾಗಿ ಓದಿದಳು: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. "ಯಾರು ಟೀಚರ್ ಇವರು?"

ಬಸ್ಸಿನಲ್ಲಿ ನನಗೆ ತಿಳಿದಷ್ಟು ಹೇಳಿದೆ. ಕೊಡಗಿನ ದೇವಯ್ಯ ಹುಟ್ಟಿದ್ದು 1932ರಲ್ಲಿ. ವಾಯುಪಡೆ ಸೇರಿದ್ದು 1954ರಲ್ಲಿ. ಯುದ್ಧ ಬರುವಾಗ ಅವರು ಹೊಸಬರಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದರು. ಒಂದು ಲೆಕ್ಕದಲ್ಲಿ ನನ್ನ ಹಾಗೆ ಮೇಷ್ಟರೇ. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. 12 ವಿಮಾನಗಳ ಆ ತಂಡಕ್ಕೆ ದೇವಯ್ಯ ಬದಲಿ ಚಾಲಕರು, ಬೇಕಾದರೆ ಮಾತ್ರ ಹೋಗಬೇಕಾದವರು. ಆದರೂ ಹೋದರು. ಮರಳಲಿಲ್ಲ. ಇಲ್ಲಿ ಉಳಿದದ್ದು ಮೂರೇ ಅಕ್ಷರ: ನಾಪತ್ತೆ.

ಆಮೇಲಿನ ಕತೆ ಹೊರಬಂದದ್ದು 1979ರಲ್ಲಿ, ಆ ಯುದ್ಧದ ವಿಮಾನ ಕಾಳಗದ ಬಗ್ಗೆ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ ಬರೆದ ಪುಸ್ತಕದಿಂದ. ದೇವಯ್ಯನವರನ್ನು ಅಟ್ಟಿಸಿಕೊಂಡು ಬಂದದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್. ವೇಗದಲ್ಲಿ ಮಿಸ್ಟೇರ್ ಅದಕ್ಕೆ ಸಾಟಿಯೇ ಅಲ್ಲ. ಪೆಟ್ಟು ತಿಂದ ವಿಮಾನವನ್ನೇ ತಿರುಗಿಸಿ ಹೋರಾಡಿ, ಎದುರಾಳಿಯ ವಿಮಾನವನ್ನು ಉರುಳಿಸಿದ್ದರು ದೇವಯ್ಯ. ಆ ಚಾಲಕ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. ಇವರು ಅಲ್ಲಿಯೇ ಮಣ್ಣಾದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಅವರ ಹೆಂಡತಿಯ ಕೈಗೆ ಬಂತು.

ಆ ವರ್ಷ ನಾನು ಉಡುಪಿಯಲ್ಲಿ ಬಿ.ಎ. ಓದುತ್ತಿದ್ದೆ. ಆಗ ಕಿವಿಗೆ ಬಿದ್ದಿದ್ದರೂ ಪದಕವೊಂದೇ ದೊಡ್ಡದೆನಿಸುತ್ತಿತ್ತೋ ಏನೋ. ಬಸ್ಸಿನಲ್ಲಿ ಆ ಹುಡುಗಿ ಕೇಳಿದ್ದು ಬೇರೆ: "ಅಷ್ಟು ವರ್ಷ ಅವರ ಹೆಂಡತಿ ಏನಂತ ತಿಳ್ಕೊಂಡಿದ್ರು ಟೀಚರ್?"

ಅವಳ ಅಜ್ಜಿಮನೆ ಕಾಪು. ಕಡಲಿಗೆ ಹೋದವರ ದಾರಿ ನೋಡುವುದು ಅವಳಿಗೆ ಗೊತ್ತು. 2018ರ ಡಿಸೆಂಬರಿನಲ್ಲಿ ಮಲ್ಪೆಯ 'ಸುವರ್ಣ ತ್ರಿಭುಜ' ದೋಣಿ ಏಳು ಮಂದಿಯೊಡನೆ ಕಾಣೆಯಾದಾಗ, ಅದರ ಅವಶೇಷ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಆ ಮನೆಗಳಲ್ಲಿ ಅಳುವುದಕ್ಕೂ ಧೈರ್ಯ ಬೇಕಿತ್ತು. ಅತ್ತರೆ ಹೋದರೆಂದು ಒಪ್ಪಿಕೊಂಡಂತೆ. ಅಳದಿದ್ದರೆ ಎದೆ ಒಡೆದೀತು.

ಹುಡುಗಿಗೆ ನಾನು ಉತ್ತರ ಹೇಳಲಿಲ್ಲ. ಆದರೆ ಪಾಠ ಮಾಡುವ ರೀತಿ ಬದಲಾಯಿತು. ಮೊದಲೆಲ್ಲ "1965ರ ಯುದ್ಧ ಸೆಪ್ಟೆಂಬರ್ 23ಕ್ಕೆ ನಿಂತಿತು" ಎಂದು ಬರೆಸಿ ಪುಟ ತಿರುವುತ್ತಿದ್ದೆ. ಈಗ ಹಲಗೆಯ ಮೇಲೆ 1988 ಎಂದು ಬರೆದು, ಅದರ ಕೆಳಗೆ 1965 ಎಂದು ಬರೆದು ಕಳೆಯಲು ಹೇಳುತ್ತೇನೆ.

"ಇಪ್ಪತ್ತಮೂರು ಟೀಚರ್!" ಎಂದು ಮಕ್ಕಳು ಕೂಗುತ್ತಾರೆ.

"ಒಂದು ಮನೆಗೆ ಯುದ್ಧ ಅಷ್ಟು ವರ್ಷ ನಡೆಯಿತು," ಎನ್ನುತ್ತೇನೆ.