ಹೆಗಲಿಗೆ ಕೂತ ಬಂದೂಕು, ಹೊಲ ಬಿಟ್ಟ ಹಕ್ಕಿ

ಚುನಾವಣೆ ಘೋಷಣೆಯಾದ ಕೂಡಲೇ ನಮ್ಮಂಥ ಜಿಲ್ಲಾ ಸುದ್ದಿಗಾರರ ಕೈಗೆ ಬರುವ ಮೊದಲ ಪ್ರಕಟಣೆಗಳಲ್ಲಿ ಒಂದು ಹೀಗಿರುತ್ತದೆ: ಪರವಾನಗಿ ಇರುವ ಬಂದೂಕುಗಳನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಜಮಾ ಮಾಡತಕ್ಕದ್ದು. ನಾಲ್ಕು ಸಾಲು ಬರೆದು ಕಳಿಸಿ ನಾವು ಮರೆತುಬಿಡುತ್ತೇವೆ. ಒಮ್ಮೆ ಮಾತ್ರ ಬ್ಯಾಡಗಿ ಕಡೆಯ ಠಾಣೆಯೊಂದರ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ನಿಂತೆವು. ಗೋಣಿಚೀಲದಲ್ಲಿ ಸುತ್ತಿದ ಜೋಡುನಳಿಗೆ ಬಂದೂಕು ತಂದಿದ್ದ ಅಜ್ಜ ಅದರ ಮರದ ಹಿಡಿ ತೋರಿಸಿದರು. ತುದಿಯಲ್ಲಿ ಕೊಯ್ದು ಉಜ್ಜಿದ ಗುರುತಿತ್ತು.

"ಇದು ನಮ್ಮಪ್ಪಗ ಒಗ್ಗತಿದ್ದಿಲ್ಲ ತಮ್ಮಾ. ಉದ್ದಾಗಿ ಕಂಕಳಾಗ ಸಿಕ್ಕೊಂತಿತ್ತು. ಬಡಿಗ್ಯಾ ಎರಡು ಬೆರಳು ಕೊಯ್ದ ಮ್ಯಾಲ ಹೆಗಲಿಗೆ ಕುಂತ್ತು."

ಆ ಎರಡು ಬೆರಳಿನ ಹಿಂದೆ ಹೋದಾಗ ನಮಗೆ ಸಿಕ್ಕಿದ್ದು ಬಂದೂಕಿನ ಕಥೆಯಷ್ಟೇ ಅಲ್ಲ, ಹಾವೇರಿ, ರಾಣೆಬೆನ್ನೂರಿನ ಎರೆಹೊಲಗಳ ಕಥೆಯೂ ಹೌದು.

ಮೊದಲು ಬಂದೂಕಿನ ಮಾತು. ರೈಫಲ್ಲಿಗೆ ಹಿಂದೊಂದು, ಮುಂದೊಂದು ಗುರಿ ಇರುತ್ತದೆ. ಹಕ್ಕಿ ಹೊಡೆಯುವ ಚರೆ ಬಂದೂಕಿಗೆ ಹಿಂದಿನ ಗುರಿ ಇಲ್ಲ. ಹೊಡೆಯುವವನ ಕಣ್ಣೇ ಹಿಂದಿನ ಗುರಿ. ಹಾಗಾಗಿ ಕೆನ್ನೆ ಹಿಡಿಯ ಮೇಲೆ ಪ್ರತಿ ಸಲ ಒಂದೇ ಜಾಗಕ್ಕೆ ಬರಬೇಕು. ಹಿಡಿಯ ಬೆನ್ನು ಎತ್ತರವಾದರೆ ಕಣ್ಣು ಮೇಲೇರಿ ಈಡು ಮೇಲೆ ಹೋಗುತ್ತದೆ, ತಗ್ಗಾದರೆ ಕೆಳಗೆ ಹೋಗುತ್ತದೆ. ಗೌಜುಗವೋ ಲಾವಕ್ಕಿಯೋ ಬುರ್ರನೆ ಎದ್ದಾಗ ಸಿಗುವುದು ಒಂದೆರಡು ಕ್ಷಣ. ಅಷ್ಟರಲ್ಲಿ ಕೆನ್ನೆ ಹೊಂದಿಸುತ್ತ ಕೂರಲಾಗದು. 19ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಬಂದೂಕು ಅಂಗಡಿಗಳಲ್ಲಿ, ದರ್ಜಿ ಅಂಗಿಗೆ ಅಳತೆ ತೆಗೆದಂತೆ, ಕೀಲುಗಳಿಂದ ಹಿಗ್ಗಿಸಿ ಕುಗ್ಗಿಸಬಹುದಾದ ಬಂದೂಕನ್ನು ಗಿರಾಕಿಯ ಹೆಗಲಿಗೆ ಇಟ್ಟು ಅಳತೆ ತೆಗೆಯುತ್ತಿದ್ದರು. ದಪ್ಪ ಕೋಟು ತೊಟ್ಟ ಎತ್ತರದ ಆಳಿಗೆ ಹೊಂದಿದ ಹಿಡಿ ಅಂಗಿ, ಧೋತರದ ರೈತನ ಕಂಕುಳಲ್ಲಿ ಸಿಕ್ಕಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ಚರೆಯ ಹರವು. 12 ಬೋರ್ ಎಂದರೆ, ಆ ನಳಿಗೆಗೆ ಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ 12 ತೂಗುತ್ತವೆ ಎಂದರ್ಥ. ತೋಟೆಯಲ್ಲಿ ಇರುವುದು ಸಣ್ಣ ಚರೆ. ನಂಬರು ಹೆಚ್ಚಿದಂತೆ ಚರೆ ಸಣ್ಣದು. ಇಂಗ್ಲಿಷ್ ಅಳತೆಯ 6ನೇ ನಂಬರಿನ ಚರೆ ಒಂದು ಔನ್ಸಿಗೆ ಸುಮಾರು 270 ಬರುತ್ತವೆ. ನಳಿಗೆಯ ತುದಿಯನ್ನು ತುಸು ಬಿಗಿ ಮಾಡಿದರೆ ಅವು ಹೆಚ್ಚು ಹರಡದೆ ಹೋಗುತ್ತವೆ. ಪೇಪ್ ಎಂಬ ಇಂಗ್ಲಿಷ್ ಬಂದೂಕುಗಾರ 1866ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1870ರ ದಶಕದಲ್ಲಿ ಗ್ರೀನರ್ ಅದನ್ನು ಜನಪ್ರಿಯಗೊಳಿಸಿದ. ಪರೀಕ್ಷೆ ಸರಳ: 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆಯುವುದು, ತೂತುಗಳ ಸುತ್ತ 30 ಇಂಚಿನ ವೃತ್ತ ಎಳೆದು ಎಣಿಸುವುದು. ಪೂರ್ತಿ ಬಿಗಿಯ ನಳಿಗೆಯಾದರೆ ನೂರಕ್ಕೆ 70, ಬಿಗಿ ಇಲ್ಲದ ನಳಿಗೆಯಾದರೆ ಸುಮಾರು 40 ಚರೆ ವೃತ್ತದೊಳಗೆ ಬೀಳುತ್ತವೆ. ಅಂದರೆ 270ರಲ್ಲಿ ಒಂದರಲ್ಲಿ 189, ಇನ್ನೊಂದರಲ್ಲಿ 108.

ಈ ಎಣಿಕೆ ಕೇವಲ ಶೋಕಿಯಲ್ಲ. ಚರೆ ವಿರಳವಾಗಿ ಹರಡಿದರೆ ಹಕ್ಕಿಗೆ ಒಂದೋ ಎರಡೋ ತಾಗಿ ಅದು ಹಾರಿಹೋಗಿ ಎಲ್ಲೋ ಕಂಟಿಯಲ್ಲಿ ನರಳಿ ಸಾಯುತ್ತದೆ. ತೀರ ಹತ್ತಿರದಿಂದ ಬಿಗಿ ನಳಿಗೆಯಲ್ಲಿ ಹೊಡೆದರೆ ತಿನ್ನಲು ಏನೂ ಉಳಿಯುವುದಿಲ್ಲ. ಆದರೆ ಕಾಗದ ಕಟ್ಟಿ ತೋಟೆ ಸುಡುವಷ್ಟು ಹಣ ಯಾರಲ್ಲಿತ್ತು? ನಳಿಗೆಯ ಬಾಯಿಂದ ಮದ್ದು, ಚಿಂದಿ, ಚರೆ ತುಂಬಿ ಗಜದಿಂದ ಜಡಿಯುವ ಬಂದೂಕಿನವನಿಗೆ ಮದ್ದು ಎಷ್ಟು, ಚರೆ ಎಷ್ಟು ಎಂಬುದು ಕೈಯಂದಾಜು.

ಇನ್ನು ಬಂದೂಕು ಯಾರ ಕೈಯಲ್ಲಿತ್ತು ಎನ್ನುವ ಪ್ರಶ್ನೆ. 1857ರಲ್ಲಿ ಆಯುಧ ಒಪ್ಪಿಸಿ ಎಂದು ಇಂಗ್ಲಿಷರು ಆಜ್ಞೆ ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿ ಬಿದ್ದದ್ದು, ಊರಿಗೆ ಬೆಂಕಿ ಬಿದ್ದದ್ದು, ಅದರ ಲಾವಣಿ ನಮ್ಮ ಕಡೆ ಇಂದಿಗೂ ಹಾಡಾಗಿ ಉಳಿದದ್ದು ಓದುಗರಿಗೆ ಗೊತ್ತು. ಬೇಡನಿಗೆ ಆಯುಧವೆಂದರೆ ಹೊಟ್ಟೆಪಾಡು, ಮಾನ ಎರಡೂ. 1878ರ ಆಯುಧ ಕಾಯ್ದೆ ದೇಶಕ್ಕೆಲ್ಲ ಪರವಾನಗಿ ಕಡ್ಡಾಯ ಮಾಡಿತು. ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ನಮ್ಮ ನಾಡಿನಲ್ಲಿ ಕೊಡವರಿಗೂ ವಿನಾಯಿತಿ ಇತ್ತು. ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ರೈತನಿಗೆ ಅದು ಇರಲಿಲ್ಲ.

ಬಂದೂಕಿಲ್ಲದೆ ಹಕ್ಕಿ ಹಿಡಿಯುವವರೂ ಇದ್ದರು. ಹರಣಶಿಕಾರಿಗಳು ಸಾಕಿದ ಗೌಜುಗವನ್ನು ಪಂಜರದಲ್ಲಿಟ್ಟು ಕೂಗಿಸುತ್ತಿದ್ದರು. ತನ್ನ ಜಾಗಕ್ಕೆ ಯಾರೋ ಬಂದರೆಂದು ಕಾದಾಡಲು ಬಂದ ಹೊಲದ ಗೌಜುಗ ಉರುಲಿಗೆ ಬೀಳುತ್ತಿತ್ತು. ಸದ್ದಿಲ್ಲ, ಮದ್ದಿಲ್ಲ, ಗಾಯಗೊಂಡು ಹಾರಿಹೋಗುವ ಹಕ್ಕಿಯಿಲ್ಲ. ಆದರೂ ದೊರೆಗಳ ದಫ್ತರದಲ್ಲಿ ಬಂದೂಕಿನವನು ಶಿಕಾರಿಪ್ರಿಯ, ಉರುಲಿನವನು ಅಪರಾಧಿ. ಅಪರಾಧಿ ಬುಡಕಟ್ಟು ಕಾಯ್ದೆಯ ಕೆಳಗೆ ಹಲವು ಸಮುದಾಯಗಳ ಜೊತೆ ಹರಣಶಿಕಾರಿಗಳನ್ನೂ ಪಟ್ಟಿಗೆ ಸೇರಿಸಲಾಯಿತು. ಇಂಥ ಸಮುದಾಯಗಳನ್ನು ಇಟ್ಟ ಹುಬ್ಬಳ್ಳಿಯ ಜಾಗಕ್ಕೆ ಜನ ಇವತ್ತಿಗೂ 'ಸೆಟ್ಲಮೆಂಟ್' ಎನ್ನುತ್ತಾರೆ. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಹೆಸರಿಗಂಟಿದ ಕಲೆ ಹೋಗಿಲ್ಲ ಎಂಬುದನ್ನು ಠಾಣೆ ಸುದ್ದಿ ಬರೆಯುವ ನಾವು ಬಲ್ಲೆವು.

ಈಗ ಹಕ್ಕಿಯ ಮಾತಿಗೆ ಬರೋಣ. ರಾಣೆಬೆನ್ನೂರಿನ ಬಯಲಲ್ಲಿ ಎರೆಭೂತ ಅಥವಾ ಎರ್ಲಡ್ಡು ಎಂಬ ಹಕ್ಕಿ ಇತ್ತು. ಗಂಡು 15 ಕಿಲೋವರೆಗೂ ತೂಗಬಲ್ಲದು. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳಲ್ಲಿ ಇದೂ ಒಂದು. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು ಬರಿ ನೆಲದ ಮೇಲೆ ಇಡುತ್ತದೆ. ಕಾಲ್ನಡಿಗೆಯಲ್ಲಿ ಬಂದವನನ್ನು ಅದು ಬಹು ದೂರದಿಂದಲೇ ಕಂಡು ಸರಿಯುತ್ತಿತ್ತು. ಆದರೆ ದಿನಾ ಕಾಣುವ ಎತ್ತಿನ ಗಾಡಿಗೆ ಅಂಜುತ್ತಿರಲಿಲ್ಲ. ಬೇಟೆಗಾರರು ಕಲಿತದ್ದು ಇದನ್ನೇ: ಗಾಡಿಯ ಮರೆಯಲ್ಲಿ ಸುತ್ತು ಹಾಕುತ್ತ ಹತ್ತಿರವಾಗುವುದು. ನಂಬಿದ ಗಾಡಿಯೇ ಅದಕ್ಕೆ ಮುಳುವಾಯಿತು. ಉತ್ತರಕ್ಕೆ ಇದೇ ದಖ್ಖನ್ ಬಯಲಿನ ಅಹಮದ್‌ನಗರದಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬೊಬ್ಬನೇ 1809ರಿಂದ 1829ರ ನಡುವೆ 961 ಎರೆಭೂತಗಳನ್ನು ಕೊಂದ ಲೆಕ್ಕವಿದೆ. ವರ್ಷಕ್ಕೊಂದು ಮೊಟ್ಟೆಯ ಹಕ್ಕಿಗೆ ಈ ಲೆಕ್ಕ ಎಂದೂ ಸರಿದೂಗದು.

ಎಲ್ಲ ತಪ್ಪನ್ನೂ ಬಂದೂಕಿನ ಮೇಲೆ ಹಾಕುವುದೂ ಸರಿಯಲ್ಲ. ಹುಲ್ಲುಗಾವಲು ಸರ್ಕಾರದ ಕಾಗದದಲ್ಲಿ 'ಪಾಳು ಭೂಮಿ' ಆಯಿತು. ಪಾಳು ಎಂದಮೇಲೆ ಅಲ್ಲಿ ನೀಲಗಿರಿ ನೆಟ್ಟರು, ಉಳಿದ ಕಡೆ ನೇಗಿಲು ಹೂಡಿದರು. 1974ರಲ್ಲಿ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ಹುಲತ್ತಿ, ಹುಣಸಿಕಟ್ಟಿ, ಅಳಲಗೇರಿ ಭಾಗಗಳು ಸೇರಿ 119 ಚದರ ಕಿಲೋಮೀಟರ್. ಕೃಷ್ಣಮೃಗ ಉಳಿಯಿತು, ಹೆಚ್ಚಿತು. ಬಯಲು ಬೇಡುವ ಎರೆಭೂತಕ್ಕೆ ನೀಲಗಿರಿಯ ನೆರಳು ಒಗ್ಗಲಿಲ್ಲ. ಇಂದು ಕರ್ನಾಟಕದಲ್ಲಿ ಅದರ ಕೊನೆಯ ಕೆಲವು ಹಕ್ಕಿಗಳ ಹೆಸರು ಕೇಳಿಬರುವುದು ಬಳ್ಳಾರಿಯ ಸಿರುಗುಪ್ಪದ ಕಡೆಯಿಂದ.

ಬೇಟೆಯೂ ಒಮ್ಮೆಲೇ ನಿಂತದ್ದಲ್ಲ. 1912ರ ಕಾಯ್ದೆ ಮರಿ ಮಾಡುವ ಕಾಲದಲ್ಲಿ ಹೊಡೆಯಬಾರದೆಂದು ಹೇಳಿತ್ತು. 1972ರ ವನ್ಯಜೀವಿ ಕಾಯ್ದೆಯಲ್ಲೂ ಮೊದಲಿಗೆ ಸಣ್ಣ ಬೇಟೆಗೆ ಪರವಾನಗಿಯ ದಾರಿ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಇತ್ತ 1959ರ ಆಯುಧ ಕಾಯ್ದೆ ಬೆಳೆ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡಲು ಅವಕಾಶ ಇಟ್ಟಿದೆ. ಅಂದರೆ ಬೆಳೆ ಕಾಯಲು ಬಂದೂಕು ಇಡಬಹುದು. ಆದರೆ ಗೋವಿನಜೋಳ ಮೇಯುವ ಕೃಷ್ಣಮೃಗಕ್ಕೂ ಬಿತ್ತಿದ ಶೇಂಗಾ ಕೆದರುವ ನವಿಲಿಗೂ ಗುರಿ ಇಡುವಂತಿಲ್ಲ. ಎರಡೂ ಮೊದಲ ಪಟ್ಟಿಯ ಪ್ರಾಣಿಗಳು. ಹಾಗಾಗಿ ರೈತ ರಾತ್ರಿಯೆಲ್ಲ ಡಬ್ಬಿ ಬಡಿಯುತ್ತ ಕೂರುತ್ತಾನೆ.

ಬಂದೂಕು ಮರಳಿ ಬರಲಿ ಎಂದು ನಾವು ಹೇಳುತ್ತಿಲ್ಲ. ಎರೆಭೂತದ ಕಥೆ ಗೊತ್ತಿದ್ದವರು ಹಾಗೆ ಹೇಳಲಾರರು. ಆದರೆ ಹಕ್ಕಿ ಹೊಡೆದವರು ಒಬ್ಬರು, ಹುಲ್ಲುಗಾವಲಿಗೆ ಪಾಳು ಎಂದು ಬರೆದವರು ಇನ್ನೊಬ್ಬರು, ಈಗ ಉಳಿದ ಪ್ರಾಣಿಗಳನ್ನು ತನ್ನ ಬೆಳೆಯಿಂದ ಸಾಕುತ್ತಿರುವವನು ಮೂರನೆಯವನು. ಬೆಳೆಹಾನಿ ಪರಿಹಾರದ ಅರ್ಜಿ ಹಿಡಿದು ಕಚೇರಿಗೆ ಅಲೆಯುವ ಆ ಮೂರನೆಯವನ ಸುದ್ದಿ ನಾಲ್ಕು ಸಾಲಿಗೆ ಮುಗಿಯಬಾರದು ಎಂಬುದಷ್ಟೇ ನಮ್ಮ ಮಾತು.

ಫಲಿತಾಂಶ ಬಂದ ಮೇಲೆ ಅಜ್ಜ ಬಂದೂಕು ಬಿಡಿಸಿಕೊಂಡು ಹೋಗಲು ಬಂದಿದ್ದರು. ಕೊನೆಯ ಸಲ ಯಾವಾಗ ಹೊಡೆದಿರಿ ಎಂದು ಕೇಳಿದೆವು. "ನಾ ಹೊಡದೇ ಇಲ್ಲ," ಎಂದರು. "ಅಪ್ಪಂದು ಅಂತ ಇಟಗೊಂಡೇನಿ. ವರ್ಷಕ್ಕೊಮ್ಮೆ ಎಣ್ಣಿ ಹಚ್ಚತೇನಿ." ಮತ್ತೆ ಗೋಣಿಚೀಲ ಸುತ್ತಿ, ಮೋಟೆಬೆನ್ನೂರಿನ ಬಸ್ಸು ಎಷ್ಟಕ್ಕೆ ಬರುತ್ತದೆಂದು ನಮ್ಮನ್ನೇ ಕೇಳಿದರು.