ಕಾಲಜ್ಞಾನವೂ ಪ್ರವಾದನೆಯೂ

ಕ್ರಿ. ಶ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧದಲ್ಲಿ ವಿಜಯನಗರದ ಸೈನ್ಯವು ಮುರಿದು ರಾಮರಾಯನು ಹತನಾದುದು ಸರ್ವವಿದಿತವಾದ ಸಂಗತಿ. ಈ ಊರುಗಳು ಹುನಗುಂದಕ್ಕೆ ಬಹಳ ದೂರದವಲ್ಲ. ಆ ಸೋಲಿನ ಬಳಿಕ ಕೃಷ್ಣಾ-ಮಲಪ್ರಭೆಗಳ ನಡುವಣ ಜನರು ಯಾವ ಮಾತನ್ನು ನಂಬಿ ಧೈರ್ಯವನ್ನು ತಾಳಿದರೆಂಬುದು ರಾಜರ ವಂಶಾವಳಿಗಳಿಂದ ತಿಳಿಯುವಂತಿಲ್ಲ. ಅದನ್ನು ಕಾಲಜ್ಞಾನವಾಙ್ಮಯದಲ್ಲಿ ಅರಸಬೇಕು.

ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣವು 1584ರ ಗ್ರಂಥ. ಎಂದರೆ ಯುದ್ಧವಾಗಿ ಇಪ್ಪತ್ತು ವರ್ಷಗಳೂ ಕಳೆದಿರಲಿಲ್ಲ. ಅದರಲ್ಲಿ ಚೆನ್ನಬಸವಣ್ಣನು ಸಿದ್ಧರಾಮನಿಗೆ ಭವಿಷ್ಯವನ್ನು ನುಡಿಯುತ್ತಾನೆ: ವಿಜಯನಗರವು ಹಾಳಾಗುವುದು, ಮುಂದೆ ವೀರವಸಂತರಾಯನು ಹುಟ್ಟಿ ಕಲ್ಯಾಣವನ್ನು ಮರಳಿ ಕಟ್ಟುವನು. ಕೃಷ್ಣೆಯ ಆಚೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರೂ ಇಂತಹ ನುಡಿಗಳನ್ನು ಅಮರಲಿಪಿಯಲ್ಲಿ ಬರೆದು ಕಾಪಾಡಿಕೊಂಡು ಬಂದರು. ನಡೆದುಹೋದುದನ್ನು ನಡೆಯಲಿರುವುದೆಂಬಂತೆ ಹೇಳುವ ಈ ರೀತಿಯನ್ನು ಕಪಟವೆಂದು ತಳ್ಳಿಬಿಡುವುದು ವಿಮರ್ಶೆಯಲ್ಲ. ಬೈಬಲ್ಲಿನ ದಾನಿಯೇಲನ ಗ್ರಂಥವನ್ನೂ ವಿದ್ವಾಂಸರಲ್ಲಿ ಬಹುಮಂದಿ ಬಾಬಿಲೋನಿನ ಕಾಲಕ್ಕಲ್ಲ, ಕ್ರಿ. ಪೂ. 167ರಿಂದ 164ರವರೆಗಿನ ಅಂತಿಯೋಕನ ಹಿಂಸೆಯ ಕಾಲಕ್ಕೆ ಸೇರಿಸುತ್ತಾರೆ. ಬಂದೊದಗಿದ ಕೇಡು ಮೊದಲೇ ಅರಿತವರ ಲೆಕ್ಕದೊಳಗಿನದೆಂದಾದರೆ ಆ ಕೇಡಿಗೊಂದು ಕೊನೆಯೂ ಉಂಟೆಂದು ನಂಬುವುದು ಸುಲಭವಾಗುತ್ತದೆ.

ಈ ಎರಡು ವಾಙ್ಮಯಗಳು ಒಂದೇ ಸೀಮೆಯಲ್ಲಿ ಎದುರುಬದುರಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಳ್ಳಾರಿಯಲ್ಲಿ 1831ರ ಹೊತ್ತಿಗೆ ಸಮಗ್ರ ಕನ್ನಡ ಬೈಬಲ್ಲು ಅಚ್ಚಾಗಿತ್ತು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ನೆಲಸಿದರು. ಅನತಿಕಾಲದಲ್ಲಿಯೇ ಕಾಲಜ್ಞಾನದವರು ಅವರನ್ನು ಕಂಡು, ಪಶ್ಚಿಮದಿಂದ ಬರುವ ಬೋಧಕರ ಪ್ರಸ್ತಾಪವು ತಮ್ಮ ನುಡಿಗಳಲ್ಲಿಯೇ ಇದೆಯೆಂದರು. ಪಾದ್ರಿಗಳ ಆಸೆ ಗಗನಕ್ಕೇರಿತು. 1841ರಲ್ಲಿ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಬೇಸಾಯದ ನೆಲೆಯೊಂದನ್ನೂ ಹೂಡಿದರು. ನಿರೀಕ್ಷಿಸಿದ ಜನಸಮೂಹವು ಬರಲಿಲ್ಲ. ಒಬ್ಬರು ವಸಂತರಾಯನ ದಾರಿಯನ್ನು ನೋಡುತ್ತಿದ್ದರು, ಮತ್ತೊಬ್ಬರು ಶಿಷ್ಯರ ದಾರಿಯನ್ನು! ಆದರೆ ಸಂಬಂಧವು ಅಲ್ಲಿಗೆ ಕಡಿಯಲಿಲ್ಲ. ಬೆಟಗೇರಿಯ ನೇಕಾರರಲ್ಲಿ ಕೆಲವರು ಸೇರಿದರು. 1851ರಲ್ಲಿ ಬಾದಾಮಿಗೆ ಸಮೀಪದ, ಖಣಕ್ಕೆ ಹೆಸರಾದ ಗುಳೇದಗುಡ್ಡದಲ್ಲಿ ಮಿಶನ್ನಿನ ಠಾಣ್ಯವಾಯಿತು.

ಇಲ್ಲಿ ಮೀಮಾಂಸಕರ ವಿವೇಕವು ಉಪಯೋಗಕ್ಕೆ ಬರುತ್ತದೆ. ಅವರ ಮತದಲ್ಲಿ ಅರ್ಥವಾದವು ವಿಧಿಯೊಡನೆ ಏಕವಾಕ್ಯತೆಯನ್ನು ಹೊಂದಿದಾಗಲೇ ಪ್ರಮಾಣ. ಕೇವಲ ಸಂಗತಿಯನ್ನು ಹೇಳಿ ಸುಮ್ಮನಾಗುವ ವಾಕ್ಯದಿಂದ ಯಾರೂ ಕಾರ್ಯದಲ್ಲಿ ತೊಡಗರು. ವಸಂತರಾಯನ ನುಡಿಯು ಬಹುಮಟ್ಟಿಗೆ ಕಾಯಿರೆನ್ನುತ್ತದೆ. ದಾನಿಯೇಲನದೂ ಹೆಚ್ಚುಕಡಿಮೆ ಹಾಗೆಯೇ. ಯೆರೆಮೀಯನ ಮಾತು ಬೇರೆ. ಬಾಬಿಲೋನಿನ ದಂಡು ಯೆರೂಸಲೇಮನ್ನು ಮುತ್ತಿದೆ, ಪ್ರವಾದಿಯು ಅರಮನೆಯ ಸೆರೆಯಲ್ಲಿದ್ದಾನೆ, ಪಟ್ಟಣವು ಬೀಳುವುದೆಂದು ನುಡಿದವನೂ ಅವನೇ. ಅಂತಹ ಸಮಯದಲ್ಲಿ ಅವನು ಅನಾತೋತಿನಲ್ಲಿದ್ದ ದಾಯಾದಿಯ ಹೊಲವನ್ನು ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಕೊಳ್ಳುತ್ತಾನೆ. ಸಾಕ್ಷಿಗಳ ರುಜು ಹಾಕಿಸಿ ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಶತ್ರುವಿನ ಕೈಸೇರಿದ ನೆಲವನ್ನು ಕೊಳ್ಳುವ ಲೌಕಿಕನು ಯಾರಿದ್ದಾನೆ? ಸೆರೆಯಾಗಿ ಹೋದವರಿಗೂ ಅವನು ಬರೆದು ಕಳುಹಿಸಿದುದು ಮನೆಗಳನ್ನು ಕಟ್ಟಿಕೊಳ್ಳಿರಿ, ತೋಟಗಳನ್ನು ಹಾಕಿರಿ ಎಂದೇ. ಬಿಡುಗಡೆಗೆ ಎಪ್ಪತ್ತು ವರ್ಷಗಳೆಂದು ಅವಧಿಯನ್ನೂ ಮರೆಮಾಡಲಿಲ್ಲ. ಇಲ್ಲಿ ಭವಿಷ್ಯವು ವಿಧಿಯೊಡನೆ ಕೂಡಿದೆ.

ಮುಂದೆ 1876-78ರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯು ತೀರ ನೊಂದಿತು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಆ ಜಿಲ್ಲೆಯವೇ. ಬರವು ಹಿಂಗುವಷ್ಟರಲ್ಲಿ, 1879ರಲ್ಲಿ, ಇಲಿಗಳ ಹಾವಳಿ ಬಂದು ಬೆಳೆದ ಪೈರನ್ನೂ ತಿಂದಿತು. ಮಿಡತೆಗಳು ತಿಂದ ವರ್ಷಗಳನ್ನು ದೇವರು ತುಂಬಿಕೊಡುವನೆಂಬ ಯೋವೇಲನ ಪ್ರವಾದನೆಯನ್ನು ಅರಿಯಲು ಗುಳೇದಗುಡ್ಡದಲ್ಲಿ ಬೈಬಲ್ಲನ್ನು ಓದುತ್ತಿದ್ದವರಿಗೆ ಆಗ ಟೀಕೆಯೇ ಬೇಕಿರಲಾರದು. ಇಂತಹ ವರ್ಷಗಳಲ್ಲಿ ಮತವನ್ನು ಬದಲಿಸಿದವರು ಅನ್ನಕ್ಕಾಗಿ ಬದಲಿಸಿದರೋ ಆಶ್ವಾಸನೆಗಾಗಿಯೋ ಎಂದು ಕೆಲವರು ಬಿಸಿಯಾಗಿ ವಾದಿಸುವುದುಂಟು. ಹಸಿದವನಲ್ಲಿ ಈ ಎರಡನ್ನೂ ಬೇರ್ಪಡಿಸುವುದು ಸಾಧ್ಯವೆಂದು ತೋರುವುದಿಲ್ಲ. ಸೇರದೆ ಉಳಿದ ಬಹುಸಂಖ್ಯಾತರಲ್ಲಿ ವಸಂತರಾಯನ ಮಾತು ಅಳಿಯಲಿಲ್ಲ. ಬರ ಕಳೆದ ಮೇಲೆ ಇಳಕಲ್ಲಿನಲ್ಲಿಯೂ ಗುಳೇದಗುಡ್ಡದಲ್ಲಿಯೂ ಎರಡು ಬಗೆಯ ಮನೆಗಳವರೂ ಕುಣಿಗಿಳಿದು ಮಗ್ಗವನ್ನೇ ಹೂಡಿದರು.